ಎಣ್ಣೆ ಎಷ್ಟಿದೆ? ಮತ್ತಾಯ 24–25ರ ಅಧ್ಯಯನ ಟಿಪ್ಪಣಿ

ಕಡೇ ದಿನಗಳ ಮಾತು ಬಂದ ಕೂಡಲೇ ಏಳುವ ಪ್ರಶ್ನೆ “ಯಾವಾಗ?” ಅನ್ನುವುದು. ಅದನ್ನು ಮೊದಲೇ ಮುಗಿಸಿಬಿಡೋಣ. ಕ್ರಿಸ್ತನು ಮತ್ತೆ ಬರುವ ಆ ದಿನವೂ ಗಳಿಗೆಯೂ ತಂದೆಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ದೂತರಿಗೂ ಇಲ್ಲ (24:36). ಆದರೂ ಅಮೆರಿಕದಲ್ಲಿ ಬೋಧಕ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕಾದು ಕುಳಿತರು. ಅಲ್ಲಿನದೇ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದರು, ಅದು ದಾಟಿದ ಮೇಲೆ ಅಕ್ಟೋಬರ್ 21 ಎಂದರು. ವಾಟ್ಸಾಪಿನಲ್ಲಿ ಹೊಸ ತಾರೀಖು ಬಂದರೆ ಅದರಲ್ಲಿ ಕೊಟ್ಟ ವಚನದ ಹಿಂದಿನ ಹತ್ತು, ಮುಂದಿನ ಹತ್ತು ವಚನ ಓದಿ. ಸಾಮಾನ್ಯವಾಗಿ ತಾರೀಖು ಅಲ್ಲೇ ಉದುರಿಹೋಗುತ್ತದೆ. ಕೊನೆಯಲ್ಲಿ ಹಣ ಕಳಿಸುವ ನಂಬರ್ ಇದ್ದರೆ ಓದುವ ಶ್ರಮವೂ ಬೇಡ.

ಈಗ ಹತ್ತು ಮಂದಿ ಕನ್ಯೆಯರ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತಕಥೆ (25:1–13). ಮದಲಿಂಗನನ್ನು ಎದುರುಗೊಳ್ಳಲು ಹತ್ತೂ ಮಂದಿ ದೀಪ ಹಿಡಿದು ಹೊರಟರು, ಐವರು ಮಾತ್ರ ಪಾತ್ರೆಯಲ್ಲಿ ಎಣ್ಣೆಯನ್ನೂ ಒಯ್ದರು. ನಡುರಾತ್ರಿ ಅವನು ಬಂದಾಗ ಉಳಿದವರ ದೀಪ ಆರುತ್ತಿತ್ತು, ಎಣ್ಣೆ ಕೇಳಿದರೂ ಸಿಗಲಿಲ್ಲ. ಐವರು ಜಾಣೆಯರು ಎಚ್ಚರವಿದ್ದರು, ಉಳಿದ ಐವರು ನಿದ್ದೆಹೋದರು ಎಂದು ಹೇಳುವವರು ಬಹಳ. ಐದನೆಯ ವಚನ ನೋಡಿ: ಮದಲಿಂಗ ತಡಮಾಡಿದಾಗ ಹತ್ತೂ ಮಂದಿ ತೂಕಡಿಸಿ ಮಲಗಿದರು. ವ್ಯತ್ಯಾಸ ಇದ್ದದ್ದು ಪಾತ್ರೆಯ ಎಣ್ಣೆಯಲ್ಲಿ. ಹಾಗಾಗಿ ಹದಿಮೂರನೆಯ ವಚನದ “ಎಚ್ಚರವಾಗಿರಿ” ಎಂದರೆ ನಿದ್ದೆಗೆಟ್ಟು ಆಕಾಶ ನೋಡುವುದಲ್ಲ. ತಡವಾದರೂ ಸಾಲುವಷ್ಟು ಮೊದಲೇ ಕೂಡಿಸಿಟ್ಟುಕೊಳ್ಳುವುದು. ಜಾಣೆಯರು ಎಣ್ಣೆ ಹಂಚಲಿಲ್ಲವಲ್ಲ, ಅದು ಜಿಪುಣತನವಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಲೋಕಲ್ ಟ್ರೇನಿನಲ್ಲಿ ಟೀಸಿ ಬಂದಾಗ ಅಮ್ಮನ ಪಾಸ್ ತೋರಿಸಿ ಮಗ ಪಾರಾಗಲಾರ. ಅಮ್ಮನ ಪ್ರಾರ್ಥನೆಯ ಅಭ್ಯಾಸವೂ ಹಾಗೆಯೇ, ಆ ರಾತ್ರಿ ಮಗನ ಕೈಗೆ ಬರುವುದಿಲ್ಲ.

ಥೆಸಲೊನೀಕದ ಸಭೆಯಲ್ಲಿ ಎಡವಟ್ಟಾದದ್ದು ಬೇರೆ ಕಡೆ. ಕರ್ತನ ದಿನದ, ಅಂದರೆ ಕ್ರಿಸ್ತ ಮರಳಿ ಬರುವ ದಿನದ, ಗಡಿಬಿಡಿಯ ನಡುವೆ ಕೆಲವರು ದುಡಿಯದೆ, ಕಂಡವರ ವಿಷಯದಲ್ಲಿ ತಲೆಹಾಕುತ್ತ ತಿರುಗುತ್ತಿದ್ದರು. ಆ ಸಭೆಗೆ ಪತ್ರ ಬರೆದ ಅಪೊಸ್ತಲ ಪೌಲನು ಇಂಥವರಿಗೆ ಬಳಸುವ ಗ್ರೀಕ್ ಪದದ ಮೂಲಾರ್ಥ ಸಾಲು ತಪ್ಪಿದ ಸಿಪಾಯಿ. ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡಬಾರದು ಎಂದ (2 ಥೆಸ. 3:10). “ಮಾಡಲೊಲ್ಲದವನು” ಎಂಬ ಪದವನ್ನು ಬಿಡಬೇಡಿ. ಕೂಲಿಯವರು ಕೆಲಸಕ್ಕೆ ಕಾಯುವ ನಾಕಾದಲ್ಲಿ ಬೆಳಗಿನಿಂದ ನಿಂತೂ ಕೆಲಸ ಸಿಗದವನಿಗೆ ಈ ವಚನ ಎಸೆಯುವುದು ಅನ್ಯಾಯ.

ತಲಾಂತುಗಳ ಲೆಕ್ಕವನ್ನು (25:14–30) ಒಮ್ಮೆ ಕಾಗದದ ಮೇಲೆ ಮಾಡಿ. ಒಡೆಯನೊಬ್ಬ ದೂರ ಹೊರಡುವಾಗ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಹಣ ಒಪ್ಪಿಸಿದ; ಒಂದು ಸಿಕ್ಕವನು ಅದನ್ನು ಹೂತಿಟ್ಟ. ಒಂದು ತಲಾಂತು ಸುಮಾರು 6,000 ದಿನಾರಿ. ಒಂದು ದಿನಾರಿ ಒಂದು ದಿನದ ಕೂಲಿ. ಕೂಲಿ 800 ರೂಪಾಯಿ ಎಂದಿಟ್ಟುಕೊಂಡರೆ ಒಂದೇ ತಲಾಂತು 48 ಲಕ್ಷ. ಮೂರನೆಯವನು ಮಣ್ಣಲ್ಲಿ ಹೂತದ್ದು ಚಿಲ್ಲರೆಯನ್ನಲ್ಲ. “ನನಗೆ ಕೊಟ್ಟದ್ದೇ ಕಡಿಮೆ” ಎಂಬ ನಮ್ಮ ನೆಪ ಅಲ್ಲಿಗೆ ನಿಂತಿತು.

ನ್ಯಾಯತೀರ್ಪಿನ ಚಿತ್ರ (25:31–46) ಆರು ಬಗೆಯವರಿಗೆ ಮಾಡುವ ಕೆಲಸಗಳನ್ನು ಹೇಳುತ್ತದೆ: ಹಸಿದವರು, ಬಾಯಾರಿದವರು, ಪರದೇಶಿಗಳು, ಬಟ್ಟೆಯಿಲ್ಲದವರು, ರೋಗಿಗಳು, ಸೆರೆಯವರು. ಆರನ್ನೂ ಹಿಡಿಯಲು ಹೋದರೆ ಎರಡೇ ವಾರಕ್ಕೆ ಸುಸ್ತು. ಒಂದನ್ನು ಆರಿಸಿ. ಮುಂಬಯಿಯ ಕನ್ನಡಿಗರಿಗೆ ಕೈಗೆಟುಕುವುದು ಪರೇಲ್. ಅಲ್ಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ದೂರದೂರುಗಳಿಂದ ಬಂದವರಲ್ಲಿ ಎಷ್ಟೋ ಮಂದಿ ಹೊರಗಿನ ಫುಟ್‌ಪಾತಿನಲ್ಲೇ ದಿನ ಕಳೆಯುತ್ತಾರೆ. ಮರಾಠಿ, ಹಿಂದಿ ಬಾರದ ಕಲಬುರಗಿ ಕಡೆಯ ಕುಟುಂಬಕ್ಕೆ ಹಣ್ಣಿಗಿಂತ ಹೆಚ್ಚು ಬೇಕಾಗುವುದು ಫಾರ್ಮ್ ಓದಿ ಹೇಳುವ, ಯಾವ ಕೌಂಟರಿನ ಸಾಲು ಎಂದು ತೋರಿಸುವ ಒಬ್ಬರು. ಅಲ್ಲಿ ರೋಗಿಯೂ ಪರದೇಶಿಯೂ ಒಬ್ಬರೇ.

ಇಬ್ಬರಾಗಿ ಹೋಗಿ, ಹತ್ತು ಜನ ಬೇಡ. ಒಂದು ಗಂಟೆ ಸಾಕು. “ಏನು ಬೇಕಾಗಿತ್ತು ಅಕ್ಕಾ?” ಎಂದು ಕೇಳಿ, ಆಮೇಲೆ ಕೊಡಿ. ಫೋಟೋ ತೆಗೆಯಬೇಡಿ. ಕೇಳಿದರೆ ಮಾತ್ರ ಪ್ರಾರ್ಥಿಸಿ. ಔಷಧಿ ಬಿಡಿ ಎಂದು ಯಾವ ಕಾರಣಕ್ಕೂ ಹೇಳಬೇಡಿ. ಕೆಡುವುದು ಹೆಚ್ಚಾಗಿ ಮಾತು ಕೊಟ್ಟು ತಪ್ಪುವುದರಿಂದ: “ನಾಳೆ ಬರ್ತೀವಿ” ಎಂದವರಿಗಾಗಿ ಅವರು ಊಟ ಬಿಟ್ಟು ಕಾಯುತ್ತಾರೆ.

ಮುಂದಿನ ವಾರಕ್ಕೆ 1 ಪೇತ್ರ 4:7–10 ಓದಿ ಬನ್ನಿ. ಎಲ್ಲದರ ಅಂತ್ಯ ಹತ್ತಿರವಿದೆ ಎಂದ ಪೇತ್ರ ಎರಡೇ ವಚನ ದಾಟಿ ಅತಿಥಿಸತ್ಕಾರಕ್ಕೆ ಬರುತ್ತಾನೆ, ಜೊತೆಗೆ “ಗೊಣಗದೆ” ಎಂದೂ ಸೇರಿಸುತ್ತಾನೆ. ಹತ್ತಡಿ ಅಗಲ, ಹತ್ತಡಿ ಉದ್ದದ ಖೋಲಿಯಲ್ಲಿ ಊರಿನಿಂದ ಬಂದ ನಾಲ್ವರಿಗೆ ಚಾಪೆ ಹಾಸುವವರಿಗೆ ಆ ಪದ ಯಾಕೆ ಬೇಕಾಯಿತೆಂದು ವಿವರಿಸಬೇಕಿಲ್ಲ.