ರುದ್ರನಾಟಕ: ನಾಯಕ ಸಾಯಲೇಬೇಕಾ?

ಕೊನೆಯಲ್ಲಿ ನಾಯಕ ಸತ್ತರೆ ಅದು ರುದ್ರನಾಟಕ ಅಥವಾ ಟ್ರ್ಯಾಜಿಡಿ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ಹುಟ್ಟಿದ ಗ್ರೀಸಿನಲ್ಲೇ ಈ ಲೆಕ್ಕ ಸರಿಹೋಗುವುದಿಲ್ಲ. ಕ್ರಿ.ಪೂ. 458ರಲ್ಲಿ ಆಡಿದ ಈಸ್ಕಿಲಸ್‌ನ 'ಯೂಮೆನಿಡೀಸ್' ನಾಟಕದಲ್ಲಿ, ತಾಯಿಯನ್ನು ಕೊಂದ ಓರೆಸ್ಟಿಸ್‌ಗೆ ಬಿಡುಗಡೆ ಆಗುತ್ತದೆ. ಆ ಕೊಲೆಗೆ ಸೇಡು ಕೇಳುತ್ತ ಸಿಟ್ಟಾಗಿದ್ದ ದೇವತೆಗಳೂ ಆಮೇಲೆ ಶಾಂತರಾಗುತ್ತಾರೆ. ಆದರೂ ಅದು ರುದ್ರನಾಟಕವೇ.

ಅಥೆನ್ಸಿನಲ್ಲಿ ವಸಂತಕಾಲಕ್ಕೆ ಡಯೋನಿಸಸ್ ದೇವರ ದೊಡ್ಡ ಹಬ್ಬ. ಅಲ್ಲಿ ಮೂವರು ಕವಿಗಳ ನಡುವೆ ಪೈಪೋಟಿ. ಒಬ್ಬೊಬ್ಬರದೂ ಮೂರು ರುದ್ರನಾಟಕ, ಕೊನೆಗೆ ಒಂದು ತಮಾಷೆಯ ಆಟ. ಮೊದಲು ಇದ್ದದ್ದು ಹಾಡಿ ಕುಣಿಯುವ ಮೇಳ. ಅದಕ್ಕೆ ಒಬ್ಬ ನಟ ಸೇರಿಕೊಂಡ. ಎರಡನೆಯವನನ್ನು ತಂದದ್ದು ಈಸ್ಕಿಲಸ್, ಮೂರನೆಯವನನ್ನು ಸೊಫೋಕ್ಲಿಸ್ ಅಂತ ಅರಿಸ್ಟಾಟಲ್ ಬರೆದಿದ್ದಾನೆ. ನಟರೆಲ್ಲ ಗಂಡಸರು, ಎಲ್ಲರಿಗೂ ಮುಖವಾಡ. ಮುಖವಾಡ ಬದಲಿಸಿ ಒಬ್ಬನೇ ಎರಡು ಮೂರು ಪಾತ್ರ ಮಾಡುತ್ತಿದ್ದ.

ಕೊಲೆ, ಸಾವು ಸಾಮಾನ್ಯವಾಗಿ ಜನರ ಕಣ್ಣೆದುರು ನಡೆಯುತ್ತಿರಲಿಲ್ಲ. ಅರಮನೆಯ ಒಳಗೆ ಏನಾಯಿತು ಅಂತ ದೂತನೊಬ್ಬ ಹೊರಗೆ ಬಂದು ಹೇಳುತ್ತಾನೆ. ಸೊಫೋಕ್ಲಿಸ್‌ನ 'ಈಡಿಪಸ್'ನಲ್ಲಿ ರಾಣಿ ನೇಣು ಹಾಕಿಕೊಂಡದ್ದು, ಅವಳ ಬಟ್ಟೆಯ ಚಿನ್ನದ ಪಿನ್ನು ಕಿತ್ತು ರಾಜ ತನ್ನ ಕಣ್ಣನ್ನೇ ಚುಚ್ಚಿಕೊಂಡದ್ದು, ಎರಡೂ ನಮಗೆ ಗೊತ್ತಾಗುವುದು ಹೀಗೆ. ಕೇಳಿದ್ದೇ ಜಾಸ್ತಿ ನಡುಗಿಸುತ್ತದೆ.

ಆದರೆ ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು ಅದಕ್ಕೂ ಮುಂಚಿನ ಒಂದು ದೃಶ್ಯ. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತೀಯ ಎಂಬ ದೈವವಾಣಿಗೆ ಹೆದರಿ ಈಡಿಪಸ್ ತನ್ನೂರು ಕಾರಿಂತ್ ಬಿಟ್ಟು ಥೀಬ್ಸ್ ಎಂಬ ಊರಿಗೆ ಬಂದು, ಅಲ್ಲಿ ರಾಜನಾಗಿ, ವಿಧವೆಯಾಗಿದ್ದ ರಾಣಿಯನ್ನು ಮದುವೆಯಾದವನು. ಈಗ ಕಾರಿಂತಿನಿಂದ ಒಬ್ಬ ಮುದುಕ ಬಂದು, ನಿನ್ನ ತಂದೆ ತೀರಿಕೊಂಡ, ನೀನೇ ರಾಜ ಅನ್ನುತ್ತಾನೆ. ತಾಯಿ ಇನ್ನೂ ಇದ್ದಾಳಲ್ಲ ಅಂತ ಈಡಿಪಸ್‌ಗೆ ಭಯ. ಮುದುಕ ಒಳ್ಳೆಯ ಮನಸ್ಸಿನಿಂದಲೇ ಸಮಾಧಾನ ಹೇಳುತ್ತಾನೆ: ಅವರು ನಿನ್ನ ಹೆತ್ತವರೇ ಅಲ್ಲ. ಕಾಲು ಚುಚ್ಚಿ ಕಟ್ಟಿದ್ದ ಕೂಸನ್ನು ಕುರುಬನೊಬ್ಬನಿಂದ ಪಡೆದು ಅವರಿಗೆ ಕೊಟ್ಟವನೇ ನಾನು. ಪಕ್ಕದಲ್ಲೇ ನಿಂತ ರಾಣಿ ಜೊಕಾಸ್ಟಳಿಗೆ ಅಷ್ಟರಲ್ಲೇ ಎಲ್ಲ ತಿಳಿದುಹೋಗುತ್ತದೆ: ಆ ಕೂಸು ತಾನು ಹೆತ್ತ ಮಗನೇ, ಈಗ ತನ್ನ ಗಂಡನೂ ಅವನೇ. ಇನ್ನು ಕೆದಕಬೇಡ ಅಂತ ಬೇಡಿಕೊಳ್ಳುತ್ತಾಳೆ. ಈಡಿಪಸ್ ಬಿಡುವುದಿಲ್ಲ. ಊರಿಗೆ ಬಡಿದ ಪಿಡುಗು ಹೋಗಬೇಕಾದರೆ ಹಿಂದಿನ ರಾಜನನ್ನು ಕೊಂದವರು ಯಾರು ಎಂಬ ನಿಜ ಹೊರಬರಲೇಬೇಕು ಅಂತ ಹೊರಟ ಒಳ್ಳೆಯ ರಾಜ ಅವನು. ಆ ಒಳ್ಳೆಯತನವೇ ಅವನನ್ನು ಅಲ್ಲಿಗೆ ತಂದು ನಿಲ್ಲಿಸುತ್ತದೆ, ಅಲ್ವಾ?

ಭಯ ಕಳೆಯಲು ಬಂದ ಮಾತು ಭಯವನ್ನೇ ನಿಜ ಮಾಡುವ ಈ ತಿರುವಿಗೆ ಅರಿಸ್ಟಾಟಲ್ ಕೊಡುವ ಉದಾಹರಣೆಯೂ ಇದೇ ದೃಶ್ಯ. ನಾಯಕ ಕೆಟ್ಟವನಾಗಿದ್ದರೆ ಮರುಕ ಹುಟ್ಟುವುದಿಲ್ಲ, ನಮ್ಮಂಥವನು ಎಲ್ಲೋ ಎಡವಿದರೆ ಮಾತ್ರ ಮರುಕವೂ ಭಯವೂ ಒಟ್ಟಿಗೆ ಬರುತ್ತವೆ ಅನ್ನುತ್ತಾನೆ.

ಕನ್ನಡದಲ್ಲಿ ಈ ಗ್ರೀಕ್ ಮಾದರಿಯನ್ನು ಮನಸಾರೆ ಕಟ್ಟಿದವರು ಬಿ.ಎಂ.ಶ್ರೀ. 1929ರ 'ಅಶ್ವತ್ಥಾಮನ್'ಗೆ ಸೊಫೋಕ್ಲಿಸ್‌ನ 'ಏಜಾಕ್ಸ್' ನಾಟಕವೇ ಅಚ್ಚು. ಏಜಾಕ್ಸ್ ಅವಮಾನ ತಾಳದೆ ಕತ್ತಿಯ ಮೇಲೆ ಬೀಳುವ ವೀರ. ನಮ್ಮ ಅಶ್ವತ್ಥಾಮನಾದರೋ ಚಿರಂಜೀವಿ. ಬಿ.ಎಂ.ಶ್ರೀ. ಹಿಂದೆ ಸರಿಯಲಿಲ್ಲ. ಅವರ ನಾಟಕದಲ್ಲಿ ಅಶ್ವತ್ಥಾಮ ಸಾಯುತ್ತಾನೆ.