ಅಮೆರಿಕ ಇರುವುದು ಯಾವ ದಿಕ್ಕಿಗೆ?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಯಾವ ಕಡೆ ಹೋಗಬೇಕು? ಕೆಲವರು ಪಶ್ಚಿಮ ಅನ್ನುತ್ತಾರೆ, ಕೆಲವರು ಪೂರ್ವ. ಸರಿಯಾದ ದಿಕ್ಕು ಉತ್ತರ, ಪೂರ್ವದ ಕಡೆ ಸ್ವಲ್ಪ ವಾಲಿಕೊಂಡು.

ನಂಬಿಕೆ ಬರದಿದ್ದರೆ ಮಕ್ಕಳ ಗ್ಲೋಬ್ ತೆಗೆದುಕೊಳ್ಳಿ. ಎರಡೂ ಊರಿನ ಮೇಲೆ ದಾರದ ತುದಿ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಮೇಲಕ್ಕೆ ಜಾರುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಾಗರದ ಅಂಚು ಮುಟ್ಟಿ, ಅಲಾಸ್ಕಾ ಮೇಲಿಂದ ಇಳಿಯುತ್ತದೆ. ಇದೇ ಅತಿ ಹತ್ತಿರದ ದಾರಿ, ಸುಮಾರು 14,000 ಕಿಲೋಮೀಟರ್. ಕೊಡಕ್ಕೆ ಹಗ್ಗ ಬಿಗಿದವರಿಗೆ ಇದು ಗೊತ್ತು: ಹೊಟ್ಟೆಯ ಮೇಲೆ ಹಗ್ಗ ನಿಲ್ಲುವುದಿಲ್ಲ, ಸುತ್ತಳತೆ ಕಡಿಮೆ ಇರುವ ಕತ್ತಿನ ಕಡೆ ಸರಿಯುತ್ತದೆ. ಇಲ್ಲಾ, ಕಲ್ಲಂಗಡಿಯನ್ನು ನೆನೆಸಿಕೊಳ್ಳಿ. ಚಾಕು ಎರಡೂ ಊರನ್ನೂ ಹಣ್ಣಿನ ನಟ್ಟನಡುವನ್ನೂ ಹಾಯುವಂತೆ ಕೊಯ್ದರೆ ಸಿಪ್ಪೆಯ ಮೇಲೆ ಬೀಳುವ ಗೆರೆ ಇದೆಯಲ್ಲ, ಅದೇ ಈ ದಾರಿ.

ನಮ್ಮನ್ನು ದಾರಿ ತಪ್ಪಿಸಿದ್ದು ಗೋಡೆಯ ನಕ್ಷೆ. 1569ರಲ್ಲಿ ಮರ್ಕೇಟರ್ ಎಂಬ ನಕ್ಷೆಗಾರ ಅದನ್ನು ಮಾಡಿದ್ದು ಹಡಗಿನವರಿಗಾಗಿ, ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಹೋದರೆ ನಕ್ಷೆಯಲ್ಲೂ ನೇರ ಗೆರೆ ಬರಲಿ ಅಂತ. ಅದಕ್ಕಾಗಿ ಧ್ರುವಗಳ ಹತ್ತಿರದ ಜಾಗವನ್ನೆಲ್ಲ ಹಿಗ್ಗಿಸಬೇಕಾಯಿತು. ಆಫ್ರಿಕಾ ಗ್ರೀನ್‌ಲ್ಯಾಂಡ್‌ಗಿಂತ 14 ಪಟ್ಟು ದೊಡ್ಡದು, ನಕ್ಷೆಯಲ್ಲಿ ಎರಡೂ ಒಂದೇ ಅಳತೆ ಕಾಣುತ್ತವೆ! ಆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಪೆಸಿಫಿಕ್ ದಾಟಿದರೆ 16,100 ಕಿಲೋಮೀಟರ್ ಆಗುತ್ತದೆ. ಸುಮ್ನೆ 2,100 ಜಾಸ್ತಿ. ಹೀಗಿರುವಾಗ 'ಸಮುದ್ರಕ್ಕೆ ಹೆದರಿ ವಿಮಾನ ಸುತ್ತಿ ಹೋಗುತ್ತದೆ' ಅಂತ ವಾಟ್ಸ್ಆ್ಯಪ್‌ನಲ್ಲಿ ಹಂಚುವುದನ್ನು ನೋಡಿದರೆ ಬೇಸರವಾಗುತ್ತದೆ.

ನಿಜವಾದ ವಿಮಾನ ದಾರದ ಮೇಲೇ ಹೋಗುವುದಿಲ್ಲ, ಒಪ್ಪುತ್ತೇನೆ. ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಬೇಗ 3 ಕಿಲೋಮೀಟರ್ ಎತ್ತರಕ್ಕೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಮೇಲಿದೆ, ಅದಕ್ಕೇ ಅದರ ಮೇಲೆ ಹಾರದೆ ಸುತ್ತಿಕೊಂಡು ಹೋಗುತ್ತಾರೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದಿಳಿದರು. ಸರಿಯಾಗಿ ಧ್ರುವವನ್ನೇ ಹಾದರೂ ಲೆಕ್ಕದಲ್ಲಿ ಹೆಚ್ಚಾಗುವುದು 400 ಕಿಲೋಮೀಟರ್‌ಗಿಂತ ಕಡಿಮೆ.

ಇನ್ನು ಸಮಯದ ವಿಷಯ. 'ಭೂಮಿ ಪೂರ್ವಕ್ಕೆ ತಿರುಗುತ್ತದೆ, ಹಾಗಾಗಿ ಪಶ್ಚಿಮಕ್ಕೆ ಹಾರಿದರೆ ಊರೇ ಎದುರು ಬರುತ್ತದೆ' ಅನ್ನುವವರಿದ್ದಾರೆ. ಓಡುವ ಬಸ್ಸಿನೊಳಗೆ ಹಾರುವ ಸೊಳ್ಳೆ ಹಿಂದಿನ ಗಾಜಿಗೆ ಅಪ್ಪಳಿಸುತ್ತದೆಯಾ? ಇಲ್ಲ, ಅಲ್ವಾ? ಬಸ್ಸಿನ ಜೊತೆ ಗಾಳಿಯೂ ಹೋಗುತ್ತಿರುತ್ತದೆ, ಭೂಮಿಯ ಜೊತೆಗೂ ಹಾಗೆಯೇ. ಲಂಡನ್ ನಮಗೆ ಪಶ್ಚಿಮಕ್ಕಿದೆ, ಆದರೂ ಸಾಮಾನ್ಯವಾಗಿ ಹೋಗುವಾಗಲೇ ಹೊತ್ತು ಜಾಸ್ತಿ, ಬರುವಾಗ ಕಡಿಮೆ. ಕಾರಣ ಸುಮಾರು 10 ಕಿಲೋಮೀಟರ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ನುಗ್ಗುವ ಜೆಟ್ ಸ್ಟ್ರೀಮ್ ಎಂಬ ಗಾಳಿಹೊಳೆ.

ಈ ಗಾಳಿಯನ್ನು 1920ರ ದಶಕದಲ್ಲೇ ಬಲೂನು ಹಾರಿಸಿ ಅಳೆದವರು ಜಪಾನಿನ ವಾಸಬುರೋ ಓಯಿಶಿ. ಜಗತ್ತೆಲ್ಲ ಓದಲಿ ಎಂದು ಅವರು ವರದಿಯನ್ನು ಎಸ್ಪೆರಾಂಟೋ ಎಂಬ, ಎಲ್ಲ ದೇಶದವರಿಗಾಗಿ ಹೊಸದಾಗಿ ಕಟ್ಟಿದ ಭಾಷೆಯಲ್ಲಿ ಬರೆದರು. ಹೊರಗಿನವರು ಹೆಚ್ಚು ಗಮನಿಸಲಿಲ್ಲ. 1944ರಲ್ಲಿ ಟೋಕಿಯೋ ಮೇಲೆ ಹಾರಿದ ಅಮೆರಿಕದ ಬಾಂಬರ್‌ಗಳು ಅದೇ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು.