ಪಾಲಿಹೌಸ್ ಕರಬೂಜದ ಬೂದಿ ರೋಗ: ನಾನು ಎಡವಿದ್ದು ನೀರಿನಲ್ಲಿ

"ಮಳೆಹನಿಯೇ ತಾಗದ ಪಾಲಿಹೌಸಿನಲ್ಲಿ ಬೂದಿ ರೋಗ ಏಕೆ ಹೆಚ್ಚು?" ಇಂಟರ್ನಲ್ಸ್‌ನಲ್ಲಿ ಬಂದ ಪ್ರಶ್ನೆ. "ಎಲೆ ಮೇಲೆ ನೀರು ನಿಲ್ಲುವುದರಿಂದ" ಅಂತ ಬರೆದು ಸೊನ್ನೆ ತಗೊಂಡೆ. ಆ ಉರಿ ಆರುವ ಮೊದಲೇ ಬರೆದಿಡ್ತಿದ್ದೀನಿ.

ಸುಲಭದ್ದು ಮೊದಲು. ರೋಗಾಣು ಹೆಚ್ಚಾಗಿ ಪೊಡೊಸ್ಫೇರಾ ಕ್ಸಾಂಥಿಯೈ ಎಂಬ ಶಿಲೀಂಧ್ರ. ಹಳೇ ಪುಸ್ತಕದಲ್ಲಿ ಸ್ಫೆರೋಥೀಕಾ ಫುಲಿಜಿನಿಯಾ ಅಂತ ಇದ್ದರೆ ಗಾಬರಿ ಬೇಡ, ಎರಡೂ ಒಂದೇ. ಜೀವ ಇರುವ ಗಿಡದ ಮೇಲಷ್ಟೇ ಬದುಕುತ್ತೆ. ಎಳೆಗಳೆಲ್ಲ ಎಲೆಯ ಮೇಲೇ ಹಬ್ಬಿರುತ್ತವೆ, ಹೀರುವ ಅಂಗಗಳು ಮಾತ್ರ ಹೊರಪದರದ ಕೋಶಕ್ಕೆ ಇಳಿದಿರುತ್ತವೆ. ಅದಕ್ಕೇ ಶುರುವಿನಲ್ಲಿ ಬೆರಳಿಂದ ಒರೆಸಿದರೆ ಮುಖಕ್ಕೆ ಹಚ್ಚುವ ಪೌಡರ್ ಥರ ಬಂದುಬಿಡುತ್ತೆ, ಕೆಳಗೆ ಎಲೆ ಇನ್ನೂ ಹಸಿರಾಗಿರುತ್ತೆ. ಕಾಯಿಗೆ ನೇರವಾಗಿ ಅಂಟೋದು ಅಪರೂಪ. ಆದರೆ ಎಲೆ ಒಣಗಿದ ಮೇಲೆ ಸಕ್ಕರೆ ಎಲ್ಲಿಂದ ಬರಬೇಕು? ಹಣ್ಣು ಸಪ್ಪೆ.

ಈಗ ನೀರು. ನನ್ನ ತಲೆಯಲ್ಲಿ "ಶಿಲೀಂಧ್ರ ಅಂದರೆ ಒದ್ದೆ" ಅಂತ ಕೂತುಬಿಟ್ಟಿತ್ತು. ಅದಕ್ಕೆ ಕಾರಣ ಡೌನಿ (ಡೌನಿ ಮಿಲ್ಡ್ಯೂ, ಕರಬೂಜಕ್ಕೆ ಬರುವ ಇನ್ನೊಂದು ಎಲೆ ರೋಗ). ಡೌನಿಯ ಬೀಜಕಚೀಲ ಒಡೆದು ಈಜುವ ಬೀಜಕಗಳು ಹೊರಬರುತ್ತವೆ. ಈಜಬೇಕಾದರೆ ಎಲೆ ಮೇಲೆ ನೀರಿನ ಪೊರೆ ಇರಲೇಬೇಕು. ಬೂದಿಯ ಬೀಜಕ ಈಜೋದಿಲ್ಲ. ಅದು ತನ್ನ ಪಾಲಿನ ನೀರನ್ನು ಬುತ್ತಿ ಕಟ್ಟಿಕೊಂಡೇ ಹೊರಟಿರುತ್ತೆ. ಒಣ ಎಲೆ ಮೇಲೆ ಬಿದ್ದರೂ ಆ ಬುತ್ತಿ ಬಿಚ್ಚಿ ಮೊಳೆಯುತ್ತೆ. ಗಾಳಿಯ ಆರ್ದ್ರತೆ ಶೇಕಡ 50ಕ್ಕಿಂತ ಕಡಿಮೆ ಇದ್ದರೂ ಸೋಂಕು ತಗಲಬಹುದು. ಉಲ್ಟಾ, ಎಲೆ ಮೇಲೆ ನೀರು ನಿಂತರೆ ಎಷ್ಟೋ ಬೀಜಕ ಕೆಟ್ಟುಹೋಗುತ್ತವೆ, ಮಳೆ ಜೋರಾದರೆ ತೊಳೆದೂ ಹೋಗುತ್ತವೆ.

ಸರಿ, ಹಾಗಾದರೆ "ಆರ್ದ್ರತೆ ಹೆಚ್ಚಿದ್ದರೆ ರೋಗ ಹೆಚ್ಚು" ಅಂತಲೂ ಪುಸ್ತಕದಲ್ಲಿದೆಯಲ್ಲ? ಇಲ್ಲೇ ನಾನು ಎರಡು ದಿನ ಒದ್ದಾಡಿದ್ದು. ಗಾಳಿಯಲ್ಲಿರುವ ಆವಿ ಬೇರೆ, ಎಲೆ ಮೇಲಿನ ಹನಿ ಬೇರೆ. ಬೂದಿಗೆ ಆವಿ ಇಷ್ಟ, ಹನಿ ಕಷ್ಟ. ಬಚ್ಚಲಲ್ಲಿ ಬಿಸಿನೀರು ಕಾಯಿಸಿದಾಗ ಗೋಡೆಗೆ ನೀರು ಎರಚದೆಯೂ ಉಸಿರು ಕಟ್ಟುವ ಹಾಗೆ ಆಗುತ್ತಲ್ಲ, ಆ ಹವೆ ಅಂದುಕೊಳ್ಳಿ. ಪಾಲಿಹೌಸಿನಲ್ಲಿ ತೊಳೆಯುವ ಮಳೆ ಇಲ್ಲ, ಬಿಸಿಲು ಮಂದ, ಗಾಳಿ ಆಡೋದಿಲ್ಲ, ದಾರಕ್ಕೆ ಕಟ್ಟಿದ ಬಳ್ಳಿಗಳು ಒತ್ತೊತ್ತಾಗಿರುತ್ತವೆ, ಜೊತೆಗೆ 20ರಿಂದ 27 ಡಿಗ್ರಿ ಉಷ್ಣಾಂಶ. ಬೂದಿಗೆ ಇನ್ನೇನು ಬೇಕು! ಇಷ್ಟನ್ನು ಬರೆದಿದ್ದರೆ ಪೂರ್ತಿ ಅಂಕ ಬರುತ್ತಿತ್ತು.

(ಹಾಗಾದರೆ ನೀರನ್ನೇ ಸಿಂಪಡಿಸಿ ಓಡಿಸೋಣ ಅಂದ ಗೆಳೆಯನಿಗೆ: ಬೂದಿ ಸ್ವಲ್ಪ ತಗ್ಗಬಹುದು, ಡೌನಿ ಮಾತ್ರ ಗಂಟುಮೂಟೆ ಸಮೇತ ಬರುತ್ತೆ.)

ಪ್ರಾಕ್ಟಿಕಲ್‌ಗೆ: ಸೆಲ್ಲೋಟೇಪನ್ನು ಬೂದಿ ಮೇಲೆ ಒತ್ತಿ, ಶೇಕಡ 3ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಬೀಜಕದೊಳಗೆ ಕಡ್ಡಿಚೂರಿನಂಥ ಫೈಬ್ರೋಸಿನ್ ಕಣ ಕಂಡರೆ ಪೊಡೊಸ್ಫೇರಾ. ಅವಿಲ್ಲದೆ ಬೀಜಕಗಳು ಸರಪಳಿಯಲ್ಲಿದ್ದರೆ ಬೂದಿ ತರುವ ಇನ್ನೊಂದು ಶಿಲೀಂಧ್ರ ಗೊಲೊವಿನೊಮೈಸಿಸ್ ಇರಬಹುದು.

ಔಷಧಿ: ಗಂಧಕ ರೋಗ ಬರುವ ಮುಂಚೆ, ಇಲ್ಲಾ ಮೊದಲ ಚುಕ್ಕೆ ಕಂಡ ಕೂಡಲೇ. ಸುಮಾರು 32 ಡಿಗ್ರಿ ದಾಟಿದರೆ ಎಲೆ ಸುಡುತ್ತೆ. ಕರಬೂಜದ ಕೆಲವು ತಳಿಗಳಂತೂ ಗಂಧಕ ಸಹಿಸೋದೇ ಇಲ್ಲ. ಎಣ್ಣೆ ಸಿಂಪಡಿಸಿ ಎರಡು ವಾರ ಆಗದೆ ಗಂಧಕ ಮುಟ್ಟಬೇಡಿ. ಹೆಕ್ಸಾಕೊನಜೋಲ್ ಆದಮೇಲೆ ಟೆಬುಕೊನಜೋಲ್ ಹೊಡೆದು "ಔಷಧಿ ಬದಲಾಯಿಸಿದೆ" ಅನ್ನೋದು ತಪ್ಪು. ಎರಡೂ 3ನೇ ಗುಂಪು, ಅಂದರೆ ಶಿಲೀಂಧ್ರವನ್ನು ಒಂದೇ ಬಗೆಯಲ್ಲಿ ಹೊಡೆಯುವಂಥವು. ಅಜಾಕ್ಸಿಸ್ಟ್ರೋಬಿನ್ 11ನೇದು. ಬಾಟಲಿಯ ಹೆಸರು ಬಿಡಿ, ಗುಂಪಿನ ಸಂಖ್ಯೆ ನೋಡಿ.

ರೇಸ್ (ಒಂದೇ ರೋಗಾಣುವಿನ ಬೇರೆ ಬೇರೆ ರೂಪ; ಯಾವ ತಳಿಗೆ ಅಂಟುತ್ತೆ ಅನ್ನೋದರಲ್ಲಿ ವ್ಯತ್ಯಾಸ): ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಗಾಗಿ 1936ರಲ್ಲಿ ಪಿಎಂಆರ್ 45 ಎಂಬ ನಿರೋಧಕ ತಳಿ ಬಿಟ್ಟರು. ಅದರ ನಿರೋಧಕ ಗುಣ ಭಾರತದಿಂದ ಹೋದ ಕರಬೂಜದ್ದು. ಎರಡೇ ವರ್ಷ, 1938ರಲ್ಲಿ ಅದನ್ನೂ ತಿನ್ನುವ ಹೊಸ ರೂಪದ ವರದಿ ಬಂತು, ಅದೇ ರೇಸ್ 2. ಹಾಗಾಗಿ ಬೀಜದ ಪ್ಯಾಕೆಟ್ ಮೇಲೆ "ಬೂದಿ ನಿರೋಧಕ" ಅಂತಿದ್ದರೆ ಯಾವ ರೇಸಿಗೆ ಅಂತ ಕೇಳಿ. ಪಿಎಂಆರ್ 45ಕ್ಕೆ ರೋಗ ಹತ್ತಿದರೆ ಅದು ರೇಸ್ 1 ಅಲ್ಲ ಅಂತಷ್ಟೇ ಗೊತ್ತಾಗುತ್ತೆ. 2 ಹೌದೋ ಬೇರೆಯೋ ಅನ್ನೋಕೆ ಇನ್ನೂ ನಾಲ್ಕಾರು ತಳಿ ಪಕ್ಕದಲ್ಲಿ ಬೆಳೆಸಿ ನೋಡಬೇಕು.